ಹಲ್ಲುಗಾಲಿಯ ಅಗುಳಿ

1909ನೆಯ ಇಸವಿ ಫೆಬ್ರವರಿ 9, ಮಂಗಳವಾರ ಸಂಜೆ ಐದು ಗಂಟೆಗೆ ಹೊಸದುರ್ಗದ ಠಾಣೆಗೆ ಬಂದ ಫಿರ್ಯಾದಿ ಆರೋಪಿಯನ್ನೂ ಜೊತೆಯಲ್ಲೇ ಎಳೆದು ತಂದಿದ್ದ. ಮುಂದೆ ವೇದಾವತಿ ಸೇತುವೆಯ ಪಡುವಣ ದಂಡೆಯ ಮೇಸ್ತ್ರಿ ಪಂಚಾಕ್ಷರಪ್ಪ; ಹಿಂದೆ ಅವನ ಕಲ್ಲುಕೆಲಸದ ಆಳುಗಳ ಗುಂಪು; ನಡುವೆ ಸೆರಗು ಹರಿದು, ಹಣೆಯಿಂದ ರಕ್ತ ಒಸರುತ್ತಿದ್ದ ಕೆಂಚಕ್ಕ. ಆಕೆ ಅದೇ ಸೇತುವೆಗೆ ಗಾರೆ ಅರೆಯುವ ಹೆಂಗಸು.

"ಒಳಗೆ ಹಾಕ್ರಿ ಸ್ವಾಮಿ ಇವಳ್ನ. ಇಲ್ಲಾಂದ್ರೆ ನಾವೇ ಹೊಳಿಗೆ ಹಾಕ್ತೀವಿ" ಎಂದ ಪಂಚಾಕ್ಷರಪ್ಪ.

ಇನ್ಸ್‌ಪೆಕ್ಟರ್ ಭೀಮಸೇನರಾಯರು ಮೊದಲು ಹೆಂಗಸನ್ನು ಒಳಗೆ ಕೂರಿಸಿ, ಬಾಗಿಲಿಗೆ ದಫೇದಾರ್ ದಿಲಾವರ್‌ನನ್ನು ನಿಲ್ಲಿಸಿದರು. ಆಮೇಲೆ ಮೇಸ್ತ್ರಿಯ ಫಿರ್ಯಾದು ಬರೆಸಿಕೊಂಡರು. ಅವನು ಹೇಳಿದ್ದು ಇಷ್ಟು.

ಬೆಳಿಗ್ಗೆ ಹತ್ತರ ಸುಮಾರಿಗೆ ಕ್ರೇನಿನಿಂದ ಎತ್ತಿದ ಕಲ್ಲು ಕಂಬದ ಮೇಲೆ ತೂಗುತ್ತಿತ್ತು. ಕೆಳಗೆ ಗಾರೆ ಹರಡುತ್ತಿದ್ದವನು ಮುರುಗಪ್ಪ, ಮೇಸ್ತ್ರಿಯ ತಂಗಿ ಶಿವಗಂಗಮ್ಮನ ಗಂಡ. ಕಲ್ಲು ಒಮ್ಮೆಲೇ ಜಾರಿ ಮೇಲೆ ಬಿದ್ದು ಅವನು ಅಲ್ಲೇ ಸತ್ತ. ಕೆಂಚಕ್ಕ ಪ್ರತಿ ಮಂಗಳವಾರ ಕ್ರೇನಿಗೆ ಕುಂಕುಮ ಇಟ್ಟು ಹರಳೆಣ್ಣೆ ಎರೆಯುವವಳು. ಅಂದು ಬೇಕೆಂದೇ ಬ್ರೇಕಿನ ಪಟ್ಟಿಗೆ ಎಣ್ಣೆ ಸುರಿದಿದ್ದಾಳೆ. ಸೇತುವೆಯ ರಸ್ತೆಗೆ ಅವಳ ಹೊಲ ಹೋಗಿದೆ. 'ಈ ಸೇತುವೆ ಹೆಣ ಹೊರಲಿ' ಎಂದು ಎಲ್ಲರೆದುರಿಗೆ ಶಪಿಸಿದ್ದಾಳೆ.

"ಹಂಗಂದಿದ್ದು ಹೌದೇನಮ್ಮ?" ರಾಯರು ಕೇಳಿದರು.

"ಹೌದು, ಅಂದೀನಿ. ಹೊಲ ಕಿತ್ಕಂಡೋರಿಗೆ ಹಾಲು ಎರೀಬೇಕಿತ್ತಾ?"

"ಎಣ್ಣೆ?"

"ಎರ್ದೀನಿ. ವಾರವಾರ ಎರಿತೀನಿ. ಅದ್ರ ಕೆಳಗೆ ದುಡಿಯೋಳು ನಾನೂ ಅಲ್ವಾ? ನನ್ ತಲಿ ಮ್ಯಾಲೆ ಬೀಳಬಾರದು ಅಂತ ಎರಿತೀನಿ."

ಹೊರಗಿನಿಂದ ಒಂದು ಕಲ್ಲು ಬಂದು ಕಿಟಕಿಯ ಸರಳಿಗೆ ಬಡಿಯಿತು. ದಿಲಾವರ್ ಲಾಠಿ ಎತ್ತಿಕೊಂಡು ಹೊರಗೆ ಹೋದ.

ಎಫ್.ಐ.ಆರ್. ಕೊಲೆಯದೆಂದೇ ದಾಖಲಾಯಿತು. ಮರುದಿನ ಮ್ಯಾಜಿಸ್ಟ್ರೇಟರು ಕೆಂಚಕ್ಕನನ್ನು ಶನಿವಾರದವರೆಗೆ ಠಾಣೆಯ ಬಂಧನದಲ್ಲಿರಿಸಲು ಆಜ್ಞೆ ಕೊಟ್ಟರು. ಶಾಪ ಹಾಕಿದ್ದನ್ನು ಕೇಳಿದವರಿದ್ದರು, ಎಣ್ಣೆ ಎರೆದದ್ದನ್ನು ಕಂಡವರಿದ್ದರು, ಎರಡನ್ನೂ ಆಕೆಯೇ ಒಪ್ಪುತ್ತಿದ್ದಳು. ಶನಿವಾರ ಇದೇ ಕಾಗದ ಚಿತ್ರದುರ್ಗಕ್ಕೆ ಹೋದರೆ ಆಕೆ ಗಲ್ಲಿಗೆ ಹತ್ತಿರವಾದಂತೆಯೇ. ರಾಯರಿಗೆ ಹಿಡಿಸದೆ ಉಳಿದದ್ದು ಒಂದೇ ಸಂಗತಿ. ಹೊಳೆಯಿಂದ ಠಾಣೆಗೆ ನಾಲ್ಕು ಮೈಲಿ. ಹತ್ತು ಗಂಟೆಗೆ ಆದ ಸಾವಿನ ಸುದ್ದಿ ಬಂದದ್ದು ಸಂಜೆ ಐದಕ್ಕೆ.

ಬುಧವಾರ ಮಧ್ಯಾಹ್ನ ಅವರು ಹೊಳೆಗೆ ಹೋದಾಗ ಕೆಲಸ ನಿಂತಿತ್ತು. ಆಳುಗಳು ಕಲ್ಲುಗಳ ಮೇಲೆ ಕುಳಿತಿದ್ದರು. ಒಬ್ಬನೂ ಏಳಲಿಲ್ಲ.

"ಆಯಮ್ಮಂಗೆ ಠಾಣೇಲಿ ಊಟಗೀಟ ಚೆಂದಾಗಿ ನಡೀತೈತಂತೆ?" ಎಂದು ಹಿಂದಿನಿಂದ ಒಬ್ಬ ಕೇಳಿದ.

"ನಿಂಗೂ ಬೇಕಾದ್ರೆ ಬಾರಪ್ಪ, ಜಾಗ ಐತೆ" ಎಂದ ದಿಲಾವರ್. ಯಾರೂ ನಗಲಿಲ್ಲ.

ಪಂಚರನ್ನು ಕೂಡಿಸಿ ಪಂಚನಾಮೆ ಶುರುವಾಯಿತು. ಕ್ರೇನು ಕೈಯಿಂದ ತಿರುಗಿಸುವಂಥದ್ದು. ಎರಡು ಬದಿಗೆ ಹಿಡಿಕೆ, ನಡುವೆ ಸರಪಳಿ ಸುತ್ತುವ ಉರುಳೆ. ಕಲ್ಲು ಕೆಳಗೆ ಜಾರದಂತೆ ಅದಕ್ಕೆ ಎರಡು ರಕ್ಷೆ. ಒಂದು ಬ್ರೇಕಿನ ಪಟ್ಟಿ. ಇನ್ನೊಂದು, ಉರುಳೆಯ ಪಕ್ಕದ ಹಲ್ಲುಗಾಲಿಗೆ ಕಚ್ಚಿ ಅದನ್ನು ಹಿಂದಕ್ಕೆ ತಿರುಗಗೊಡದ ಕಬ್ಬಿಣದ ಗೂಟ. ಆಳುಗಳು ಅದನ್ನು ಅಗುಳಿ ಎನ್ನುತ್ತಿದ್ದರು.

"ಕಲ್ಲು ತೂಗೋವಾಗ ಅಗುಳಿ ಹಾಕಿತ್ತೇನು?" ರಾಯರು ಮೇಸ್ತ್ರಿಯನ್ನು ಕೇಳಿದರು.

"ಹಾಕಿತ್ತು ಸ್ವಾಮಿ. ಎಣ್ಣಿಗೆ ಅದೂ ಜಾರ್ತು."

"ಕಂಡಿದ್ದೀಯಾ?"

"ಕಣ್ಣಾರೆ."

ರಾಯರು ಹಲ್ಲುಗಾಲಿಯ ಮುಂದೆ ಕುಕ್ಕರಗಾಲಿನಲ್ಲಿ ಕುಳಿತರು. ದಿನವೂ ಕಬ್ಬಿಣ ಕಚ್ಚುವ ಹಲ್ಲಿನ ಅಂಚು ಉಜ್ಜಿ ಹೊಳೆಯಬೇಕು. ಇಲ್ಲಿ ಸುತ್ತಲೂ ತುಕ್ಕು. ತುಕ್ಕಿನ ಮೇಲೆ ಒಣಗಿ ಗಟ್ಟಿಯಾದ ಗಾರೆ. ಅಗುಳಿಯನ್ನು ಹಿಡಿದಿದ್ದ ಕೀಲು ಮಾತ್ರ ಕುಲುಮೆಯ ಕಪ್ಪು ಹೋಗದ ಹೊಸ ಕೀಲು. ಅದರ ಮೇಲೆ ಗಾರೆಯ ಒಂದು ಹನಿಯೂ ಇರಲಿಲ್ಲ. ಎಲ್ಲವನ್ನೂ ಪಂಚನಾಮೆಯಲ್ಲಿ ಬರೆಸಿದರು.

ಹೊರಡುವಾಗ ದಂಡೆಯ ಮೇಲಿನ ಬಾವುಟ ಕಣ್ಣಿಗೆ ಬಿತ್ತು. ಎರಡು ದಂಡೆಗೆ ಎರಡು ಗುಂಪು. ದಿನದಲ್ಲಿ ಯಾವ ಗುಂಪು ಹೆಚ್ಚು ಕಲ್ಲು ಕೂರಿಸುತ್ತದೋ ಆ ದಂಡೆಯ ಮೇಲೆ ಸಂಜೆ ಬಾವುಟ ಏರಬೇಕೆಂದು ಇಂಜಿನಿಯರರು ಏರ್ಪಾಡು ಮಾಡಿದ್ದರಂತೆ. ಇದನ್ನು ಹೇಳಿದವನು ಮೂಡಣ ದಂಡೆಯ ಕಾವಲುಗಾರ. ಹೇಳುವಾಗ ಹೊಳೆಯ ಕಡೆಗೆ ಉಗುಳಿದ.

"ಸಂಕ್ರಾಂತಿಗಂಟ ಬಾವುಟ ನಮ್ ಕಡಿಗೇ ಇತ್ತು ಬುದ್ಧಿ. ಆಮ್ಯಾಲೆ ಆ ನನ್ಮಕ್ಕಳಿಗೆ ಏನು ದೆವ್ವ ಹೊಕ್ತೋ, ನಾವು ಎರಡು ಕಲ್ಲು ಇಳಿಸೋದ್ರಾಗೆ ಅವ್ರು ಮೂರು ಇಳಿಸ್ತಾರೆ."

"ಆಳು ಹೆಚ್ಚಾದ್ರಾ?"

"ಅದೇ ಆಳು. ಅದೇ ಕ್ರೇನು."

ಗುರುವಾರ ರಾಯರು ಅದೇ ಪಂಚರನ್ನು ಮತ್ತೆ ಕರೆಸಿದರು. ಅಂಥದೇ ಕಲ್ಲೊಂದನ್ನು ಕ್ರೇನಿಗೆ ಕಟ್ಟಿ ಎತ್ತಿರಿ ಎಂದರೆ ಆಳುಗಳು ಕೈ ಕಟ್ಟಿಕೊಂಡು ನಿಂತರು.

"ಸೂತಕದ ಕಲ್ಲು ಮುಟ್ಟಾಕಿಲ್ಲ ಸ್ವಾಮಿ."

ರಾಯರು ಕೋಟು ಬಿಚ್ಚಿ ದಿಲಾವರ್‌ನ ಕೈಗೆ ಕೊಡಹೋದರು. ಅವನು ಆಗಲೇ ಒಂದು ಹಿಡಿಕೆ ಹಿಡಿದಿದ್ದ. ಇಬ್ಬರು ಕಾನ್‌ಸ್ಟೇಬಲ್‌ಗಳು ಇನ್ನೊಂದಕ್ಕೆ ಹೋದರು.

"ನೋಡ್ರಲೇ, ಸರ್ಕಾರಿ ಎತ್ತು!"

"ಮುಂಡಾಸು ಬಿಚ್ಚಿಡ್ರಿ ದಫೇದಾರ್ರೆ, ಬೆವರಿಗೆ ಬಣ್ಣ ಬಿಟ್ಟೀತು!"

ಬೈಗುಳ, ಕೇಕೆಗಳ ನಡುವೆ ಕಲ್ಲು ಆಳೆತ್ತರ ಏರಿತು. ಕೆಳಗೆ ಯಾರನ್ನೂ ಬಿಡಲಿಲ್ಲ. ರಾಯರು ಬ್ರೇಕಿನ ಪಟ್ಟಿಗೆ, ಹಲ್ಲುಗಾಲಿಗೆ, ಅಗುಳಿಗೆ ತಾವೇ ಹರಳೆಣ್ಣೆ ಸುರಿದರು. ಅಗುಳಿ ಹಾಕಿ ಎಲ್ಲರೂ ಹಿಡಿಕೆ ಬಿಟ್ಟು ಹಿಂದೆ ಸರಿದರು. ಪಟ್ಟಿ ಜಾರಿತು. ಉರುಳೆ ಒಂದು ಹಲ್ಲಿನಷ್ಟು ಹಿಂದಕ್ಕೆ ಬಂದು ಟಕ್ಕೆಂದು ನಿಂತಿತು. ಕಲ್ಲು ನೇತಾಡಿತು, ಬೀಳಲಿಲ್ಲ. ಆಮೇಲೆ ಹಿಡಿಕೆಯನ್ನು ತುಸು ಮುಂದಕ್ಕೆ ಒತ್ತಿಸಿ, ದೂರದಿಂದ ಹಗ್ಗ ಎಳೆದು ಅಗುಳಿ ಬಿಡಿಸಿ, ಎಲ್ಲರೂ ಹಾರಿ ಹಿಂದೆ ಬಂದರು. ಹಿಡಿಕೆಗಳು ಗಿರ್ರನೆ ಸುತ್ತಿದವು. ಕಲ್ಲು ನೆಲಕ್ಕಪ್ಪಳಿಸಿ ಎರಡು ಹೋಳಾಯಿತು.

ಕೇಕೆ ನಿಂತಿತ್ತು. ಆಳುಗಳಲ್ಲಿ ಕೆಲವರು ಮೇಸ್ತ್ರಿಗಾಗಿ ಸುತ್ತ ನೋಡಿದರು. ಅವನು ಅಲ್ಲಿರಲಿಲ್ಲ, ತಂಗಿಯ ಮನೆಗೆ ಹೋದನೆಂದು ಯಾರೋ ಹೇಳಿದರು.

ಅಲ್ಲಿಂದ ನೆಟ್ಟಗೆ ಅವರು ಬಂದದ್ದು ಪೇಟೆಯ ಕಮ್ಮಾರ ಜಬೀವುಲ್ಲಾನ ಕುಲುಮೆಗೆ. ಸೇತುವೆಯ ಕಬ್ಬಿಣದ ಕೆಲಸವೆಲ್ಲ ಅವನದೇ. ಬಿಚ್ಚಿ ತಂದ ಕೀಲನ್ನು ರಾಯರು ಅಡಿಗಲ್ಲಿನ ಮೇಲಿಟ್ಟರು.

"ನಿನ್ನ ಕೆಲಸವೇ?"

"ಇಂಥವು ಸಾವಿರ ಮಾಡೀನಿ ಸಾಬ್."

"ಇದನ್ನು ಯಾವತ್ತು ಮಾಡಿದೆ?"

"ನೆನಪಿಲ್ಲ."

"ಜಬೀ ಭಾಯಿ, ಬೇಗ ನೆನಪು ಮಾಡ್ಕಳ್ರಿ" ಎಂದ ದಿಲಾವರ್. "ಶನಿವಾರ ಒಬ್ಬ ಹೆಂಗಸು ದುರ್ಗದ ಜೈಲಿಗೆ ಹೊಂಟಾಳೆ."

"ನಾನು ಬಾಯಿ ಬಿಟ್ರೆ ನನ್ ಕುಲುಮಿ ಆರ್ತದೆ. ಆಗ ನನ್ ಮಕ್ಕಳಿಗೆ ನೀವು ಕೂಳು ಹಾಕ್ತೀರೇನು?"

ರಾಯರು ಅಲ್ಲೇ ಬೋರಲು ಹಾಕಿದ್ದ ಬುಟ್ಟಿಯ ಮೇಲೆ ಕುಳಿತರು. ಜಬೀವುಲ್ಲಾ ತಿದಿ ಒತ್ತಿದ, ಬಿಟ್ಟ, ಮತ್ತೆ ಒತ್ತಿದ. ಕೊನೆಗೆ ಕೀಲನ್ನು ಕೈಗೆ ತೆಗೆದುಕೊಂಡ.

"ಮಂಗಳವಾರ ಮಧ್ಯಾಹ್ನ. ಪಂಚಾಕ್ಷರಪ್ಪ ಕುದುರಿ ಮ್ಯಾಲೆ ಬಂದ. ಅಂಗಿ ತುಂಬ ರಕ್ತ ಇತ್ತು. ಹಳೇದು ಕಳ್ದೋಗೈತೆ, ಈಗಿಂದೀಗ್ಲೇ ಬೇಕು ಅಂದ. ಯಾಕೆ ಅಂತ ನಾನು ಕೇಳ್ಲಿಲ್ಲ. ಕೇಳ್ಬೇಕಿತ್ತು."

ಶುಕ್ರವಾರ, ಫೆಬ್ರವರಿ 12, ಬೆಳಿಗ್ಗೆ ಎಂಟು ಗಂಟೆಗೆ ರಾಯರು ದಂಡೆಯ ಹಳ್ಳಿಯಲ್ಲಿ ಶಿವಗಂಗಮ್ಮನ ಮನೆಗೆ ಹೋದರು. ಜಗುಲಿಯ ಮೇಲೆ ನೆಂಟರು ಕುಳಿತಿದ್ದರು. ಪಂಚಾಕ್ಷರಪ್ಪ ತಂಗಿಯ ಪಕ್ಕದಲ್ಲಿದ್ದ.

"ಆ ಮುಂಡೇನ ಯಾವಾಗ ದುರ್ಗಕ್ಕೆ ಕಳಿಸ್ತೀರಿ ಸ್ವಾಮಿ?" ಎಂದು ಅವಳೇ ಮೊದಲು ಕೇಳಿದಳು. "ಅವಳಿಗೆ ಹಗ್ಗ ಬಿಗಿದಿದ್ದು ಕೇಳಿದ ಮ್ಯಾಲೇ ನಾನು ನೆಟ್ಟಗೆ ಉಣ್ಣೋದು."

"ಮೇಸ್ತ್ರಿ, ಹೊರಗೆ ಬಾ."

"ಇಲ್ಲೇ ಕೇಳ್ರಿ. ನಮ್ಮ ಮನ್ಯಾಗೆ ಮುಚ್ಚುಮರಿ ಇಲ್ಲ."

"ಹಳೆಯ ಕೀಲು ಎಲ್ಲಿ?"

ಅವನು ಹೆಗಲ ಮೇಲಿನ ವಸ್ತ್ರ ತೆಗೆದು ಕೊಡವಿದ.

"ಸಂಕ್ರಾಂತಿಯಿಂದ ಈಚೆಗೆ ಆ ಕ್ರೇನಿಗೆ ಅಗುಳಿ ಇರಲಿಲ್ಲ. ಹಲ್ಲುಗಾಲಿಯ ತುಕ್ಕು ಹೇಳ್ತದೆ. ಮಂಗಳವಾರ ಮಧ್ಯಾಹ್ನ ಹೊಸ ಕೀಲು ಮಾಡಿಸಿದೆ. ಜಬೀವುಲ್ಲಾ ಹೇಳಿಕೆ ಕೊಟ್ಟಿದ್ದಾನೆ. ಅಗುಳಿ ತೆಗೆಸಿದವರು ಯಾರು?"

ಪಂಚಾಕ್ಷರಪ್ಪ ಎದ್ದು ಅಂಗಳಕ್ಕಿಳಿದ. ದಿಲಾವರ್ ಅವನಿಗೂ ಬಾಗಿಲಿಗೂ ನಡುವೆ ಬಂದು ನಿಂತ.

"ಹೊರಗೆ ಹೋಗಾಣ ಸ್ವಾಮಿ, ಅಲ್ಲಿ ಹೇಳ್ತೀನಿ" ಎಂದ ಮೇಸ್ತ್ರಿ. ಈಗ ಅವನ ದನಿ ತಗ್ಗಿತ್ತು.

"ಇಲ್ಲೇ ಹೇಳಣ್ಣ" ಎಂದಳು ಶಿವಗಂಗಮ್ಮ.

ಅವನು ತಂಗಿಯ ಕಡೆ ನೋಡದೆ, ರಾಯರ ಬೂಟಿಗೆ ಹೇಳುವವನಂತೆ ಹೇಳಿದ. ಎತ್ತಿದ ಕಲ್ಲನ್ನು ಇಳಿಸಬೇಕಾದಾಗಲೆಲ್ಲ ಹಿಡಿಕೆ ಹಿಂದೆಮುಂದೆ ಮಾಡಿ ಅಗುಳಿ ಬಿಡಿಸಬೇಕು. ಅದಕ್ಕೆ ಹೊತ್ತು ಹಿಡಿಯುತ್ತದೆ. ಅಗುಳಿಯಿಲ್ಲದೆ ಬ್ರೇಕಿನ ಮೇಲೇ ನಿಲ್ಲಿಸಿದರೆ ಕೆಲಸ ಬೇಗ. ಕೀಲು ಬಿಚ್ಚಿ ಹೊಳೆಗೆ ಎಸೆದವನು ತಾನೇ.

"ಅಷ್ಟು ಅವಸರ ಏನಿತ್ತು?"

"ಸಂಕ್ರಾಂತಿ ದಿನ ಮೂಡಣ ದಂಡೇರು ಎಳ್ಳುಬೆಲ್ಲದ ತಟ್ಟೇಲಿ ಬಳಿ ಇಟ್ಟು ಕಳಿಸಿದ್ರು ಸ್ವಾಮಿ. ಪಡುವಣ ಮೇಸ್ತ್ರಿ ತೊಟ್ಕಳ್ಲಿ ಅಂತ. ಬಾವುಟ ಒಂದಿನಾನೂ ನಮ್ ಕಡಿಗೆ ಬಂದಿರ್ಲಿಲ್ಲ. ನನ್ ಆಳುಗಳೇ ನಕ್ರು."

"ಮುರುಗಪ್ಪನೂ ನಕ್ಕನೇ?"

"ಅವನೊಬ್ಬ ನಗ್ಲಿಲ್ಲ. ಮಾವ, ಅಗುಳಿ ಹಾಕ್ಸು ಅಂತ ಹೇಳ್ತಾನೇ ಇದ್ದ."

ಜಗುಲಿಯ ಮೇಲಿನವರೆಲ್ಲ ಎದ್ದು ನಿಂತಿದ್ದರು. ಅಜಾಗರೂಕತೆಯಿಂದ ಸಾವು ತಂದದ್ದಕ್ಕೆ ಪೀನಲ್ ಕೋಡಿನ 304ಎ, ಸುಳ್ಳು ಆಪಾದನೆಗೆ 211, ಸಾಕ್ಷ್ಯ ಕೆಡಿಸಿದ್ದಕ್ಕೆ 201. ರಾಯರು ಕಲಮುಗಳನ್ನು ಓದಿ ಹೇಳಿ ದಸ್ತಗಿರಿ ಮಾಡಿದರು. ದಿಲಾವರ್ ಬೇಡಿ ಹಾಕುವಾಗ ಅವನು ಕೈಯನ್ನು ತಾನೇ ಮುಂದೆ ಚಾಚಿದ.

ಅದೇ ದಿನ ಮಧ್ಯಾಹ್ನ ಮ್ಯಾಜಿಸ್ಟ್ರೇಟರ ಆಜ್ಞೆಯಂತೆ ಕೆಂಚಕ್ಕನನ್ನು ಬಿಟ್ಟರು. ರಾಯರು ಜೊತೆಗೆ ಒಬ್ಬ ಕಾನ್‌ಸ್ಟೇಬಲ್ ಕಳಿಸುತ್ತೇನೆಂದರು. ಆಕೆ ಬೇಡವೆಂದಳು.

"ನಿಮ್ಮೋನು ಜತಿಗೆ ಬಂದ್ರೆ ಇನ್ನೂ ಕೊಲೆಗಾತಿನೇ ಅಂದ್ಕಂತಾರೆ" ಎಂದು ಹೇಳಿ ತಿರುಗಿ ನೋಡದೆ ಹೋದಳು.

ಪಂಚಾಕ್ಷರಪ್ಪ ಸುಳ್ಳು ಫಿರ್ಯಾದು ಕೊಟ್ಟದ್ದು ಜೈಲಿಗೆ ಹೆದರಿ ಎಂದು ರಾಯರು ಮೊದಲು ಎಣಿಸಿದ್ದರು. ಠಾಣೆಯಲ್ಲಿ ಹೇಳಿಕೆ ಬರೆಸುವಾಗ ಅವನು ಜೈಲಿನ ಮಾತೇ ಎತ್ತಲಿಲ್ಲ. ಹೆಣದ ಪಕ್ಕ ತಂಗಿ ಬಂದು ನಿಂತು 'ಹೆಂಗಾತಣ್ಣ?' ಎಂದು ಕೇಳಿದಳಂತೆ. ಎದುರಿಗೆ ಕೆಂಚಕ್ಕ ಎಣ್ಣೆಯ ಕುಡಿಕೆ ಹಿಡಿದು ನಿಂತಿದ್ದಳಂತೆ. ಅವನ ಕೈ ತಾನಾಗಿ ಆ ಕಡೆಗೆ ಹೋಯಿತಂತೆ.

ಕೇಸ್ ಡೈರಿಯಲ್ಲಿ ರಾಯರು ಅಷ್ಟನ್ನೇ ಬರೆದರು. ಬೆಳಿಗ್ಗೆ ಅವನನ್ನು ಅಂಗಳ ದಾಟಿಸುವಾಗ ಶಿವಗಂಗಮ್ಮ ಅಡ್ಡ ಬಂದು ಅಣ್ಣನಿಗೆ ಹೇಳಿದ ಮಾತು ತನಿಖೆಗೆ ಬೇಕಾದದ್ದಲ್ಲವೆಂದು ಬರೆಯಲಿಲ್ಲ. ಅವಳು ಅತ್ತಿರಲಿಲ್ಲ, ಬೈದೂ ಇರಲಿಲ್ಲ.

"ಮೂರು ದಿನ ನನ್ ಪಕ್ಕ ಕುಂತು, ನನ್ ಕೈಲಿ ಅವಳಿಗೆ ಶಾಪ ಹಾಕಿಸಿದ್ಯಲ್ಲಣ್ಣ. ನಾನು ಹಾಕಿದ್ದೆಲ್ಲ ಯಾರಿಗೆ ತಟ್ತದೆ, ಈಗ ನೀನೇ ಹೇಳು."