ನೆಟ್ಟಗಿದ್ದ ಎರಡು ಗೀರು

ಮೂರನೇ ಗುಂಡು ಹಾರಿದಾಗ ಬಂದೂಕಿನ ದುರ್ಬೀನು ಹಿಂದಿನಿಂದ ಎದ್ದು ಶೂಟಿಂಗ್ ಚಾಂಪಿಯನ್ನಿನ ಹುಬ್ಬಿಗೆ ಬಡಿಯಿತು.

ನಾನು ಹೋಗುವಷ್ಟರಲ್ಲಿ ಆಕೆಯನ್ನು ಆಸ್ಪತ್ರೆಗೆ ಕರೆದೊಯ್ದಿದ್ದರು. ಆರು ಹೊಲಿಗೆ. ಕಣ್ಣು ಕೂದಲೆಳೆಯಲ್ಲಿ ಉಳಿದಿತ್ತು. ಆಕೆಯ ಪಾಲಿಗೆ ಆಯ್ಕೆ ಸ್ಪರ್ಧೆ ಅಲ್ಲಿಗೇ ಮುಗಿಯಿತು. ತಂಡದಲ್ಲಿ ಖಾಲಿ ಇದ್ದದ್ದು ಒಂದೇ ಜಾಗ, ಅದು ಎರಡನೇ ಸ್ಥಾನದಲ್ಲಿದ್ದವಳಿಗೆ ಹೋಯಿತು.

ನಾನು ಬಂದೂಕು ಲೈಸೆನ್ಸ್ ವಿಭಾಗದ ಇನ್ಸ್‌ಪೆಕ್ಟರ್. ದಾರಿಯಲ್ಲೇ ಮೇಲಧಿಕಾರಿಯ ಫೋನು. ದುರ್ಬೀನು ಕೂರಿಸಿದ ಅಂಗಡಿಯ ಹೆಂಗಸಿನ ಲೈಸೆನ್ಸನ್ನು ಸಂಜೆಯೊಳಗೆ ರದ್ದು ಮಾಡಿ ಕಾಗದ ಕಳಿಸಿ, ಮೇಡಂ ಅಂದಳು. ಈ ಮೇಲಧಿಕಾರಿಗೆ ಎಂಟು ವರ್ಷದ ಹಿಂದೆ ಕೆಲಸ ಕಲಿಸಿದವಳು ನಾನೇ. ಈಗ ನನ್ನ ತಲೆ ಮೇಲೆ ಕೂತಿದ್ದಾಳೆ. ಅವಳು 'ಮೇಡಂ' ಅಂದಾಗಲೆಲ್ಲ ನನಗೆ ಹೊಟ್ಟೆಯಲ್ಲಿ ಮೆಣಸಿನಕಾಯಿ ಅರೆದಂತಾಗುತ್ತದೆ. ಹೊಟ್ಟೆಕಿಚ್ಚಿನ ವಿಷಯದಲ್ಲಿ ನಾನು ಅನುಭವಸ್ಥೆ. ಅದನ್ನು ಮೊದಲೇ ಹೇಳಿಬಿಡುತ್ತೇನೆ.

ಕ್ಲಬ್ಬಿನ ಕಾರ್ಯದರ್ಶಿ ಬಂದೂಕನ್ನು ಮೇಜಿನ ಮೇಲೆ ಮಲಗಿಸಿ ಪಾಠ ಶುರು ಮಾಡಿದರು. ದುರ್ಬೀನು ಬಂದೂಕಿನ ಮೇಲೆ ನೇರವಾಗಿ ಕೂರುವುದಿಲ್ಲ. ಮೊದಲು ರಿಸೀವರ್, ಅಂದರೆ ಗುಂಡು ಹೊಗುವ ಉಕ್ಕಿನ ಭಾಗ, ಅದರ ಮೇಲೆ ಒಂದು ಪಟ್ಟಿ ಬಿಗಿಯಬೇಕು. ಅದಕ್ಕೆ ನಾಲ್ಕು ಸ್ಕ್ರೂ. ಮುಂದಿನೆರಡು ಗಿಡ್ಡ, ಹಿಂದಿನೆರಡು ಉದ್ದ. ಮುಂದಿನ ತೂತು ಆಳವಿಲ್ಲ. ಅಲ್ಲಿಗೆ ಉದ್ದದ್ದು ಹಾಕಿದರೆ ತಳಕ್ಕೆ ತಾಗಿ ನಿಲ್ಲುತ್ತದೆ. ಕೈಗೆ ಬಿಗಿ ಅನ್ನಿಸುತ್ತದೆ, ಆದರೆ ಪಟ್ಟಿಯನ್ನು ಹಿಡಿದಿರುವುದಿಲ್ಲ. ಹಿಂದೆ ಗಿಡ್ಡದ್ದು ಹಾಕಿದರೆ ಮರೆಯ ಎರಡೇ ಸುತ್ತು ಕಚ್ಚಿಕೊಂಡು ನೇತಾಡುತ್ತಿರುತ್ತದೆ.

ಇಲ್ಲಿ ಆಗಿದ್ದೂ ಅದೇ. ಅದಲುಬದಲು. ಹಿಂದಿನ ಗಿಡ್ಡ ಸ್ಕ್ರೂಗಳು ಕಿತ್ತುಬಂದು, ಆಕೆ ಮಲಗಿ ಗುರಿಯಿಟ್ಟಿದ್ದ ಚಾಪೆಯ ಮೇಲೆ ಬಿದ್ದಿದ್ದವು. ಮುಂದಿನ ಉದ್ದದವು ಏನೂ ಆಗಿಲ್ಲವೆಂಬಂತೆ ಕೂತಿದ್ದವು.

ಇಂಥ ಕೆಲಸವನ್ನು ಹೆಂಗಸರ ಕೈಗೆ ಕೊಟ್ಟರೆ ಇನ್ನೇನಾಗುತ್ತದೆ ಎಂದು ಕಾರ್ಯದರ್ಶಿ ಗೊಣಗಿದರು. ನಾನು ಅವರ ಮುಖವನ್ನು ಒಮ್ಮೆ ನೋಡಿದೆ. ಅವರು ಕಿತ್ತುಬಂದ ಸ್ಕ್ರೂಗಳನ್ನು ಎತ್ತಿ ನನ್ನ ಮುಂದಿಟ್ಟರು.

ಸ್ಕ್ರೂ ಬಿಚ್ಚುವ ಮುಂಚೆ ಫೋಟೋ ತೆಗೆದೆ. ಮುಂದಿನ ಎರಡೂ ಸ್ಕ್ರೂಗಳ ತಲೆಯ ಗೀರು, ಅಂದರೆ ಸ್ಕ್ರೂಡ್ರೈವರಿನ ಮೂತಿ ಕೂರುವ ಸೀಳು, ನಳಿಗೆಯ ಉದ್ದಕ್ಕೆ ನೆಟ್ಟಗೆ ನಿಂತಿದ್ದವು, ಸ್ಕೇಲಿಟ್ಟು ಎಳೆದ ಹಾಗೆ. ಚೆನ್ನಾಗಿದೆಯಲ್ಲ ಅಂದುಕೊಂಡೆ, ಅಷ್ಟೆ.

* * *

ಎರಡನೆಯವಳು ಬಟ್ಟೆ ಬದಲಿಸುವ ಕೋಣೆಯಲ್ಲಿ ಒಬ್ಬಳೇ ಕೂತಿದ್ದಳು. ಗೆದ್ದವಳ ಮುಖ ಅದಲ್ಲ. ನಿನ್ನೆ ಆ ಅಂಗಡಿಗೆ ಹೋಗಿದ್ದೆಯಂತೆ ಅಂದೆ. ಹೌದು, ಬಂದೂಕಿನ ಹೆಗಲ ಬೆಲ್ಟು ಹೊಲಿಸೋಕೆ ಅಂದಳು.

"ಅವಳು ಸೋಲಲಿ ಅಂತ ದಿನಾ ಬೇಡ್ಕೊಂಡಿದ್ದೀನಿ, ಮೇಡಂ. ಸುಳ್ಳು ಯಾಕೆ ಹೇಳಲಿ. ಆದ್ರೆ ಅವಳು ಪೂರ್ತಿ ಆಡಿ ಸೋಲಬೇಕಿತ್ತು. ಈಗ ನಾನು ಗೆದ್ದೆ ಅಂದ್ರೆ ಯಾರು ನಂಬ್ತಾರೆ?"

ಇಂಥ ಹೊಟ್ಟೆಕಿಚ್ಚು ಒಂದು ಥರ ಪ್ರಾಮಾಣಿಕ. ಅಲ್ಲದೆ ಅವಳು ಅಂಗಡಿಯ ಕೌಂಟರ್ ದಾಟಿರಲಿಲ್ಲ. ಬಂದೂಕು ಒಳಗಿನ ಬೀರುವಿನಲ್ಲಿತ್ತು. ಬೆಳಿಗ್ಗೆ ಕ್ಲಬ್ಬಿನವರು ಅಲ್ಲೇ ಪೆಟ್ಟಿಗೆಗೆ ಹಾಕಿ ಮೊಹರು ಹಚ್ಚಿ ತಂದಿದ್ದರು. ಮೊಹರು ಒಡೆದದ್ದು ಸ್ಪರ್ಧೆಯ ಜಾಗದಲ್ಲಿ, ಎಲ್ಲರ ಕಣ್ಣೆದುರಿಗೆ. ಅಂದಮೇಲೆ ಏನಾಗಿದ್ದರೂ ಅಂಗಡಿಯಲ್ಲೇ ಆಗಿರಬೇಕು.

ಬೀರುವಿನ ಬೀಗದ ಕೈ ಮೂವರ ಹತ್ತಿರ ಇತ್ತು. ಅಂಗಡಿಯ ಯಜಮಾನ ಅಪ್ಪ, ಮಗ, ಮತ್ತೆ ಆ ದುರ್ಬೀನು ಕೂರಿಸಿದ ಸೊಸೆ.

* * *

ಮುಂದೆ ಕೌಂಟರು, ಅಲ್ಲಿ ಮಗ. ಒಳಗೆ ಕಿಟಕಿಯ ಬೆಳಕಿಗೆ ಹಾಕಿದ ದೊಡ್ಡ ಬೆಂಚು, ಅಲ್ಲಿ ಸೊಸೆ. ಮೂಲೆಯ ಸ್ಟೂಲಿನ ಮೇಲೆ ಮುದುಕರು ಸ್ಕ್ರೂಡ್ರೈವರಿನ ಮೂತಿ ಮಸೆಯುತ್ತಿದ್ದರು. ನಲವತ್ತು ವರ್ಷ ಆ ಬೆಂಚು ಅವರದ್ದೇ. ಎರಡು ವರ್ಷದ ಹಿಂದೆ ಕಣ್ಣು ಮಂಜಾದಾಗ ತಾವೇ ಸೊಸೆಯನ್ನು ಕರೆದು ಕೂರಿಸಿದ್ದರು. ಊರೆಲ್ಲ ಕೊಂಡಾಡಿತ್ತು.

ಸೊಸೆಯ ಕಣ್ಣು ಅತ್ತು ಕೆಂಪಾಗಿತ್ತು.

"ಈ ಲೈಸೆನ್ಸ್ ಹೋದ್ರೆ ನನ್ನ ಕೈಗೆ ಇನ್ಯಾರೂ ಬಂದೂಕು ಕೊಡಲ್ಲ, ಮೇಡಂ. ನಾನು ಸ್ಕ್ರೂ ಅಳತೆ ನೋಡದೆ ಹಾಕೋಳಲ್ಲ."

ಹೇಗೆ ಮಾಡುತ್ತೀಯೋ ಹಾಗೇ ಮಾಡಿ ತೋರಿಸು ಅಂದೆ. ತೂತನ್ನೂ ಸ್ಕ್ರೂವನ್ನೂ ಸ್ಪಿರಿಟ್ಟಿನಲ್ಲಿ ಒರೆಸಿ ಎಣ್ಣೆ ತೆಗೆದಳು. ಒಣಗಿಸಿದಳು. ಒಂದು ಹನಿ ಅಂಟು. ಆಮೇಲೆ ಅಳತೆಯ ಸ್ಕ್ರೂಡ್ರೈವರು, ಎಷ್ಟು ಬಿಗಿ ಬೇಕೋ ಅಷ್ಟಾದ ಕೂಡಲೇ 'ಕಟ್' ಅನ್ನುವಂಥದ್ದು. ಕಟ್ ಅಂದಿತು, ಅವಳು ಕೈ ತೆಗೆದಳು. ಗೀರು ಓರೆಯಾಗಿ ಎತ್ತಲೋ ನೋಡುತ್ತಿತ್ತು.

ನನಗೆ ಥಟ್ಟನೆ ಫೋಟೋ ನೆನಪಾಯಿತು. ಗೋಡೆಗೆ ಒರಗಿಸಿದ್ದ ಆರು ಬಂದೂಕು ನೋಡಿದೆ, ಎಲ್ಲ ಅವಳೇ ಕೂರಿಸಿದ್ದು. ಒಂದೊಂದು ಗೀರು ಒಂದೊಂದು ದಿಕ್ಕಿಗೆ. ಇವಳ ಕೈ ಗೀರನ್ನು ನೋಡುವುದೇ ಇಲ್ಲ, ಬಿಗಿಯನ್ನಷ್ಟೇ ನೋಡುತ್ತದೆ.

ಮೂಲೆಯಿಂದ ಮುದುಕರು ಅಂದರು: "ನನ್ನ ಸೊಸೆ ಕೈ ಅಂದ್ರೆ ಚಿನ್ನ, ಮೇಡಂ. ಪಾಪ, ಮರೆವು ಯಾರಿಗಿಲ್ಲ?"

ಆ 'ಪಾಪ' ನನ್ನ ಕಿವಿಯಲ್ಲಿ ಸಿಕ್ಕಿಕೊಂಡಿತು. ನನ್ನ ಮೇಲಧಿಕಾರಿಯ ಬಗ್ಗೆ ಆಫೀಸಿನಲ್ಲಿ ಮಾತು ಬಂದಾಗ ನಾನೂ ಅದೇ ರಾಗದಲ್ಲಿ ಹೇಳುತ್ತೇನೆ. ಒಳ್ಳೆ ಹುಡುಗಿ, ಪಾಪ, ಇನ್ನೂ ಅನುಭವ ಸಾಲದು.

* * *

ಆದರೂ ಮೊದಲು ಮಗನನ್ನು ವಿಚಾರಿಸಿದೆ. ಹೆಂಡತಿ ಒಳಗೆ ಬೆಂಚಿನಲ್ಲಿ, ಗಂಡ ಹೊರಗೆ ರಸೀದಿ ಹರಿಯುತ್ತ. ಉರಿಯಲು ಅಷ್ಟು ಸಾಲದೆ? ಅವನು ಮುಚ್ಚಿಡಲಿಲ್ಲ. ಅಪ್ಪ ಬೆಂಚನ್ನು ಅವಳಿಗೆ ಕೊಟ್ಟಾಗ ನಾಲ್ಕು ದಿನ ಊಟ ಬಿಟ್ಟಿದ್ದನಂತೆ. ಐದನೇ ದಿನ ಹಸಿವು ಗೆದ್ದಿತಂತೆ.

ಅವನ ಕೈಗೂ ಒಂದು ಸ್ಕ್ರೂ ಕೊಟ್ಟೆ. ಸ್ಕ್ರೂಡ್ರೈವರು ಎರಡು ಸಲ ಜಾರಿತು. ಗೀರಿನ ಅಂಚು ಇಲಿ ಕಡಿದ ಹಾಗಾಯಿತು. ನನ್ನ ಫೋಟೋದಲ್ಲಿದ್ದ ಸ್ಕ್ರೂಗಳ ಮೇಲೆ ಒಂದು ಗೆರೆಯೂ ಬಿದ್ದಿರಲಿಲ್ಲ.

ಸೊಸೆ ಬಿಗಿದ ಬಂದೂಕೊಂದನ್ನು ಎತ್ತಿ ಮುದುಕರ ಮುಂದಿನ ಪುಟ್ಟ ಮೇಜಿನ ಮೇಲಿಟ್ಟೆ. ಎದುರಿಗೆ ಕೂತೆ. ಕೇಸಿನ ಮಾತೇ ಎತ್ತಲಿಲ್ಲ. ನಿಮ್ಮ ಕಾಲದಲ್ಲಿ ಈ ಅಳತೆ ಸ್ಕ್ರೂಡ್ರೈವರು ಇರಲಿಲ್ಲವಲ್ಲ, ಹೇಗೆ ಮಾಡುತ್ತಿದ್ದಿರಿ ಎಂದು ಕೇಳಿದೆ. ಮುಖ ಅರಳಿತು. ಅವರ ಗುರುವಿನ ಬೈಗುಳ, ಮಣಿಕಟ್ಟಿನ ಲೆಕ್ಕ, ಒಂದು ಕಾಲದಲ್ಲಿ ಅಂಗಡಿ ಮುಂದೆ ನಿಲ್ಲುತ್ತಿದ್ದ ಸಾಲು, ಎಲ್ಲ ಹೇಳಿದರು.

ಮಾತಾಡುತ್ತಾ ಆಡುತ್ತಾ ಅವರ ಕಣ್ಣು ಪಟ್ಟಿಯ ಮೇಲೆ ಬಿತ್ತು. ಬಲಗೈ ತನ್ನಷ್ಟಕ್ಕೆ ಸ್ಕ್ರೂಡ್ರೈವರು ಎತ್ತಿಕೊಂಡಿತು. ಮೂತಿಯನ್ನು ಗೀರಿಗೆ ಇಟ್ಟರು. ಒಂದು ಎಳೆಯಷ್ಟು ತಿರುಗಿಸಿದರು. ಅದರ ಪಕ್ಕದ ಸ್ಕ್ರೂ. ಅದೂ ಆಯಿತು. ಎರಡೂ ಗೀರು ನಳಿಗೆಯ ಉದ್ದಕ್ಕೆ ನೆಟ್ಟಗಾದವು.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಇವರಿಗೆ ನಾನು ಕಳ್ಳ ಅಂತಲೂ ಅನ್ನಬೇಕಾಗಲಿಲ್ಲ. ಫೋನು ತೆಗೆದು ಫೋಟೋವನ್ನು ಬಂದೂಕಿನ ಪಕ್ಕಕ್ಕಿಟ್ಟೆ.

"ಮೋಸ ಮಾಡೋವಾಗಲೂ ಗೀರು ಓರೆ ಬಿಡೋಕೆ ನಿಮ್ಮ ಕೈ ಒಪ್ಪಲಿಲ್ಲ ಅಲ್ವಾ, ಯಜಮಾನ್ರೇ?"

ಅವರು ಫೋಟೋ ನೋಡಿದರು. ತಮ್ಮ ಕೈಯನ್ನು ನೋಡಿಕೊಂಡರು. ಸ್ಕ್ರೂಡ್ರೈವರನ್ನು ಮೆಲ್ಲಗೆ ಕೆಳಗಿಟ್ಟರು.

ನಿನ್ನೆ ಮಧ್ಯಾಹ್ನ ಮಗ, ಸೊಸೆ ಊಟಕ್ಕೆ ಹೋಗಿದ್ದಾಗ ನಡೆದದ್ದು. ಹತ್ತು ನಿಮಿಷದ ಕೆಲಸ. ಗುಂಡು ನಾಲ್ಕು ಕಡೆ ಚದುರಲಿ, ಆಮೇಲೆ ಚಾಂಪಿಯನ್ ಮತ್ತೆ ತಮ್ಮ ಹತ್ತಿರವೇ ಬರಲಿ, ಅಷ್ಟೇ ಇದ್ದದ್ದು ಮನಸ್ಸಿನಲ್ಲಿ. ರಕ್ತ ಬರುತ್ತದೆ ಅಂದುಕೊಂಡಿರಲಿಲ್ಲವಂತೆ.

"ಹದಿನೈದು ವರ್ಷ ಅವಳ ಬಂದೂಕು ನಾನೇ ಕೂರಿಸಿದ್ದು. ಈ ಸಲ ಬಾಗಿಲಲ್ಲಿ ನಿಂತು 'ಸೊಸೆ ಇದ್ದಾರಾ' ಅಂದಳು. ನಾನು ಎದುರಿಗೇ ಕೂತಿದ್ದೆ, ಮೇಡಂ."

ಸೊಸೆ ಬೆಂಚಿನಿಂದ ಎದ್ದು ಬಂದಿದ್ದಳು.

"ಒಂದು ಮಾತು ಕೇಳಿದ್ರೆ ಎದ್ದು ಜಾಗ ಬಿಡ್ತಿದ್ದೆನಲ್ಲ, ಮಾವ."

"ನನ್ನ ಬೆಂಚನ್ನ ನಾನೇ ಕೇಳ್ಕೋಬೇಕಾ, ತಾಯಿ?"

ಅವಳು ಮಾವ ತಿರುಗಿಸಿದ್ದ ಬಂದೂಕನ್ನು ಎತ್ತಿಕೊಂಡು ಹೋಗಿ ಎರಡೂ ಸ್ಕ್ರೂ ಬಿಚ್ಚಿದಳು. ಅಂಟು ಬಿಟ್ಟಿದೆ, ಮತ್ತೆ ಮೊದಲಿಂದ ಮಾಡಬೇಕು ಅಂದಳು. ನಾನು ಮುದುಕರನ್ನು ಜೀಪಿಗೆ ಹತ್ತಿಸುವಾಗ ಒಳಗಿನಿಂದ ಕಟ್, ಕಟ್ ಅಂತ ಎರಡು ಸಲ ಕೇಳಿಸಿತು. ಅವರೂ ಕೇಳಿಸಿಕೊಂಡರು. ತಲೆ ಎತ್ತಲಿಲ್ಲ.

* * *

ಸಂಜೆ ಮೇಲಧಿಕಾರಿಗೆ ಫೋನು ಮಾಡಿದೆ. ಸೊಸೆಯ ಲೈಸೆನ್ಸ್ ರದ್ದಾಗುವುದಿಲ್ಲ, ಯಾಕೆ ಅಂತ ಹೇಳಿದೆ. ಅವಳು, ನಾನಾಗಿದ್ದರೆ ತಪ್ಪು ಮಾಡಿಬಿಡುತ್ತಿದ್ದೆ ಅಂದಳು. ಆಮೇಲೆ ಕೇಳಿದಳು:

"ಅವರ ಮೇಲೆ ನಿಮಗೆ ಮೊದಲು ಅನುಮಾನ ಬಂದದ್ದು ಹೇಗೆ, ಮೇಡಂ?"

ಗೀರಿನ ಕಥೆ ಹೇಳಿದೆ. ಆ 'ಪಾಪ'ದ ಕಥೆ ನಾಲಿಗೆಯವರೆಗೆ ಬಂತು, ನುಂಗಿಕೊಂಡೆ.