ಖಾಲಿ ಹೋಗದ ಬಟ್ಟಲು

ಬಹಳ ಹಿಂದೆ, ಬೆಟ್ಟಗಳಿಗೆ ಇನ್ನೂ ಹೆಸರಿಡದಿದ್ದ ಕಾಲದಲ್ಲಿ, ಏಳುಹೊಳೆ ಎಂಬ ಒಂದು ರಾಜ್ಯವಿತ್ತು. ಮಳೆಗಾಲ ಮುಗಿದು ಶರತ್ಕಾಲದ ಆಕಾಶ ತೊಳೆದಿಟ್ಟಂತಾದಾಗ, ಅಲ್ಲಿ ಶನಿವಾರ ಭಾನುವಾರ ಯಾರೂ ನೊಗ ಮುಟ್ಟುತ್ತಿರಲಿಲ್ಲ. ರಾಜನೂ ಆಸ್ಥಾನಕ್ಕೆ ಬೀಗ ಹಾಕಿ ಅಡುಗೆಮನೆ ಸೇರುತ್ತಿದ್ದ. ಅವನು ತಟ್ಟಿದ ರೊಟ್ಟಿ ಯಾವ ಕಡೆಯಿಂದ ನೋಡಿದರೂ ಗುಂಡಗಿರುತ್ತಿರಲಿಲ್ಲ. ರಾಣಿ ಹೊಟ್ಟೆ ಹಿಡಿದು ನಗುತ್ತ ಅದನ್ನೇ ತಿನ್ನುತ್ತಿದ್ದಳು. ಮನೆಮನೆಯಲ್ಲೂ ಒಲೆ ಉರಿಯುತ್ತಿತ್ತು, ಮನೆಮನೆಯಿಂದಲೂ ಪಕ್ಕದ ಮನೆಗೊಂದು ಬಟ್ಟಲು ಹೋಗುತ್ತಿತ್ತು.

ಆ ರಾಜ್ಯದ ಬಟ್ಟಲುಗಳಿಗೆ ಒಂದು ಗುಣವಿತ್ತು. ತುಂಬಿ ಬಂದ ಬಟ್ಟಲು ಖಾಲಿ ಹಿಂದಿರುಗುತ್ತಿರಲಿಲ್ಲ. ಚಿಟಿಕೆ ಸಕ್ಕರೆಯೋ, ಎರಡು ಹಸಿಮೆಣಸಿನಕಾಯಿಯೋ, ತನ್ನದು ಅನ್ನುವುದೇನಾದರೂ ಹಾಕಿಯೇ ಕೊಡಬೇಕು. ಇಲ್ಲದಿದ್ದರೆ ಬಟ್ಟಲು ಕೈಗೆ ಅಂಟಿಕೊಂಡು ಬಿಡುತ್ತಿತ್ತು. ಜಿಪುಣರು ಅದನ್ನು ಹಿಡಿದುಕೊಂಡೇ ಸ್ನಾನ ಮಾಡಿದ್ದೂ ಉಂಟು.

ಊರಾಚೆಯ ಬೆಟ್ಟದ ಮೇಲೆ ಸೂರೆಗಣ್ಣನೆಂಬ ಮಾಂತ್ರಿಕನಿದ್ದ. ಕಣ್ಣಿಗೆ ಬಿದ್ದದ್ದೆಲ್ಲ ಅವನಿಗೆ ಬೇಕು. ನವಿಲಿನ ಬಣ್ಣ ಕದ್ದ, ಮಲ್ಲಿಗೆಯ ಕಂಪು ಕದ್ದ, ಆ ವರ್ಷ ಹೊಳೆಯ ಸದ್ದನ್ನೇ ಕದ್ದ. ಹೊಳೆ ಹರಿಯುತ್ತಿದೆ, ಸದ್ದಿಲ್ಲ. ಸದ್ದಿನಿಂದಲೇ ಸುಳಿಯ ಜಾಡು ಹಿಡಿಯುವ ಅಂಬಿಗರು ದೋಣಿ ಇಳಿಸಲಾರದೆ ದಡದಲ್ಲಿ ಕುಳಿತರು. ಅಂಬಿಗ ಜವರ ಮಾತ್ರ ಹುಟ್ಟನ್ನೇ ಗದೆಯಂತೆ ಹೆಗಲಿಗೇರಿಸಿ ಬೆಟ್ಟ ಹತ್ತಿದ. ಸೂರೆಗಣ್ಣ ಒಂದು ಮಂತ್ರ ಉಸುರಿದ. ಜವರ ಕಲ್ಲಾದ. ಬರುವ ಭಾನುವಾರ ಸೂರ್ಯ ಮುಳುಗುವುದರೊಳಗೆ ಮಂತ್ರ ಕಳಚದಿದ್ದರೆ ಅವನು ಎಂದೆಂದಿಗೂ ಕಲ್ಲೇ.

ಜವರನ ತಂಗಿ ನಿಂಗಿ ಶನಿವಾರವಿಡೀ ಹೊಸ ಭತ್ತ ಕುಟ್ಟಿ ಕೇರಿದಳು, ಹೆಸರುಬೇಳೆ ಹುರಿದಳು. ಭಾನುವಾರ ಬೆಳಗಾಗುತ್ತಲೇ ಒಲೆ ಹಚ್ಚಿದಳು. ಅಕ್ಕಿ ಬೇಳೆ ಒಂದಾಗಿ ಬೆಂದ ಮೇಲೆ ಕುಟ್ಟಿದ ಮೆಣಸು, ಶುಂಠಿ, ಉಪ್ಪು. ಕೊನೆಗೆ ತುಪ್ಪದಲ್ಲಿ ಸಿಡಿದ ಜೀರಿಗೆಯನ್ನು ಚುಂಯ್ ಎಂದು ಸುರಿದಳು. ಖಾರದ ಹುಗ್ಗಿಯೆಂದರೆ ಜವರನಿಗೆ ಪ್ರಾಣ.

"ಯಾರಿಗೇ ಇಷ್ಟೊಂದು?" ಎಂದಳು ಅವ್ವ.

"ಅಣ್ಣಂಗೆ. ಉಂಡು ಎಷ್ಟು ದಿನ ಆಯ್ತೋ ಏನೋ."

"ಕಲ್ಲಾದೋನು ಉಣ್ತಾನೇನೇ, ಹುಚ್ಚಿ?"

"ಕಲ್ಲಾದ್ರೂ ನಮ್ಮಣ್ಣ ಅಲ್ವೇನವ್ವ?"

ಅವ್ವನಿಗೆ ಅಳು ಬಂತು. ಸೆರಗಿನಿಂದ ಕಣ್ಣೊರೆಸಿಕೊಂಡು ಮಗಳ ಕೈಗೆ ಕಂಚಿನ ಬಟ್ಟಲೊಂದನ್ನು ಕೊಟ್ಟಳು. "ದಾರೀಲಿ ಹಸಿದೋರು ಸಿಕ್ರೆ ಮುಖ ತಿರುಗಿಸ್ಕೊಂಡು ಹೋಗಬೇಡ," ಎಂದಳು.

ಹುಗ್ಗಿಯ ತಪ್ಪಲೆಗೆ ಮುಚ್ಚಳ ಮುಚ್ಚಿ, ತಲೆಯ ಮೇಲಿಟ್ಟು ಹೊರಟ ನಿಂಗಿಗೆ ಬೆಟ್ಟದ ಬುಡದಲ್ಲಿ ಹೊಗೆಯ ಹುಲಿ ಅಡ್ಡ ಬಂತು. ಮೈಯೆಲ್ಲ ಹೊಗೆ, ಕಣ್ಣೆರಡು ಕೆಂಡ.

"ನಿನ್ನ ತಿಂದ್ಬಿಡ್ತೀನಿ!"

"ನನ್ನಲ್ಲೇನಿದೆ ಹುಲಿಯಣ್ಣ, ಬರೀ ಮೂಳೆ. ಹುಗ್ಗಿ ಬಿಸಿಯಾಗಿದೆ, ಉಣ್ಣು."

ಹುಲಿ ಉಂಡಿತು. ಬಟ್ಟಲು ಪಂಜಕ್ಕೆ ಅಂಟಿತು. ಬೇಟೆಯಾಡಿದ ಜಿಂಕೆಯ ಕೊಂಬು ಹಾಕಿತು, ಬಟ್ಟಲು ಬಿಡಲಿಲ್ಲ. ತನ್ನ ಮೀಸೆಯ ಕೂದಲೊಂದನ್ನು ಕಿತ್ತು ಹಾಕಿತು, ಬಿಟ್ಟಿತು. "ಉಪ್ಪು ತಿಂದ ಮೇಲೆ ಎರಡು ಬಗೆಯೋದುಂಟೇ? ಹೋಗು ತಾಯಿ," ಎಂದು ದಾರಿ ಬಿಟ್ಟಿತು.

ನಡುಬೆಟ್ಟದಲ್ಲಿ ಏಳು ಹೆಡೆಯ ಸರ್ಪ. ಏಳು ಹೆಡೆಗೆ ಏಳು ಮಣಿ, ಆ ಬೆಳಕಿಗೆ ಹಗಲಲ್ಲೇ ಬೆಳದಿಂಗಳು. ನಿಂಗಿ ಹೆದರುವುದನ್ನೂ ಮರೆತು ನೋಡುತ್ತ ನಿಂತಳು. ಅದೂ ಉಂಡಿತು, ತನ್ನ ಪೊರೆ ಕಳಚಿ ಬಟ್ಟಲಿಗೆ ಹಾಕಿತು, ದಾರಿ ಬಿಟ್ಟಿತು.

ತುದಿಯ ಹೆಬ್ಬಾಗಿಲಲ್ಲಿ ಗಂಡಭೇರುಂಡ. "ಮೊದಲು ನನಗೆ!" ಎಂದಿತು ಒಂದು ತಲೆ. "ನನಗೆ!" ಎಂದಿತು ಇನ್ನೊಂದು.

"ಎರಡು ಬಾಯಿಗೂ ಒಂದೇ ಹೊಟ್ಟೆ. ಜಗಳ ಯಾಕ್ರಪ್ಪ?" ಎಂದು ನಿಂಗಿ ಅತ್ತ ಒಂದು ತುತ್ತು, ಇತ್ತ ಒಂದು ತುತ್ತು ಇಟ್ಟಳು. ಅದು ತನ್ನದೊಂದು ಗರಿ ಹಾಕಿ ದಾರಿ ಬಿಟ್ಟಿತು.

ನಿಂಗಿ ಒಳಗೆ ಕಾಲಿಟ್ಟಳು. ಕದ್ದ ಬಣ್ಣಗಳು ಗೋಡೆಯುದ್ದಕ್ಕೂ ಇಳಿಬಿದ್ದಿದ್ದವು, ಕದ್ದ ಕಂಪುಗಳು ಕುಪ್ಪಿಗಳಲ್ಲಿ ಮಿಸುಕಾಡುತ್ತಿದ್ದವು. ಮೂಲೆಯ ಗಡಿಗೆಯೊಂದಕ್ಕೆ ಕಿವಿಯಿಟ್ಟರೆ, ಒಳಗೆ ಅವಳ ಊರಿನ ಹೊಳೆ ಜುಳುಜುಳು ಎನ್ನುತ್ತಿತ್ತು! ಅಷ್ಟು ದೊಡ್ಡ ಅರಮನೆಯಲ್ಲಿ ಒಂದು ಒಲೆ ಮಾತ್ರ ಇರಲಿಲ್ಲ. ಕಲ್ಲಾದವರ ಸಾಲಿನ ಕೊನೆಯಲ್ಲಿ ಜವರ ನಿಂತಿದ್ದ.

ತಪ್ಪಲೆಯ ತಳದಲ್ಲಿ ಒಂದೇ ಬಟ್ಟಲು ಹುಗ್ಗಿ ಉಳಿದಿತ್ತು. ಅದನ್ನು ಬಡಿಸಿ ಅಣ್ಣನ ಕಲ್ಲಿನ ತುಟಿಗೆ ಹಿಡಿಯುವಷ್ಟರಲ್ಲಿ ಹಿಂದಿನಿಂದ ದನಿ ಬಂತು. "ಅದು ನನಗೆ ಬೇಕು."

ಸೂರೆಗಣ್ಣ ಕೈಚಾಚಿ ನಿಂತಿದ್ದ. ನಿಂಗಿ ಅಣ್ಣನ ಮುಖ ನೋಡಿದಳು. ಮಾಂತ್ರಿಕನ ಮುಖವನ್ನೂ ನೋಡಿದಳು. ಅದು ಹಸಿದವನ ಮುಖ.

"ಕಿತ್ಕೋಬೇಡ. ನೀನೂ ನಮ್ಮ ನೆರೆಯೋನೇ ತಾನೆ? ಕೂತ್ಕೋ, ಕೊಡ್ತೀನಿ."

ಮುನ್ನೂರು ವರ್ಷದಲ್ಲಿ ಅವನಿಗೆ ಕೂತ್ಕೋ ಎಂದವರಿರಲಿಲ್ಲ. ಕೂತ. ಉಂಡ. ಬೆರಳು ನೆಕ್ಕಿದ. ಬಟ್ಟಲು ಕೈಗೆ ಅಂಟಿತು.

ಚಿನ್ನ ಹಾಕಿದ, ಬಟ್ಟಲು ಉಗುಳಿತು. ಕಿರೀಟ ಹಾಕಿದ, ಉಗುಳಿತು. ನವಿಲಿನ ಬಣ್ಣ ಹಾಕಿದ, ಅದನ್ನೂ ಉಗುಳಿತು. ಹೊತ್ತು ಇಳಿದಂತೆಲ್ಲ ಬಟ್ಟಲು ಭಾರವಾಗುತ್ತ ಹೋಯಿತು, ಅವನು ನೆಲಕ್ಕೆ ಕುಸಿದ.

"ನನ್ನ ಕಾವಲು ಹುಲೀನೂ ಉಂಡೇ ನಿನ್ನ ಬಿಟ್ಟಿರಬೇಕು. ಅದು ಏನು ಹಾಕ್ತು?"

"ತನ್ನದೇ ಮೀಸೆ ಕೂದಲು."

"ಸರ್ಪ?"

"ತನ್ನದೇ ಪೊರೆ. ಹಕ್ಕಿ ತನ್ನದೇ ಗರಿ ಹಾಕ್ತು. ಇಲ್ಲಿ ನಿಂದು ಅನ್ನೋದು ಏನೂ ಇಲ್ವಾ?"

ಸೂರೆಗಣ್ಣ ಸುತ್ತ ನೋಡಿದ. ಅಷ್ಟು ದೊಡ್ಡ ಮನೆಯಲ್ಲಿ ಅವನದೆನ್ನುವ ಒಂದು ಕಡ್ಡಿಯೂ ಇರಲಿಲ್ಲ. "ನಂದು ಅಂತ ಇರೋದು ನನ್ನ ಮಂತ್ರ ಒಂದೇ," ಎಂದ.

"ಹಾಗಾದ್ರೆ ಅದನ್ನೇ ಹಾಕು."

ಕಿಟಕಿಯಲ್ಲಿ ಸೂರ್ಯನ ಅಂಚಷ್ಟೇ ಉಳಿದಿತ್ತು. ಸೂರೆಗಣ್ಣ ಬಾಗಿ ಬಟ್ಟಲಿನೊಳಗೆ ಮಂತ್ರ ಉಸುರಿದ. ಬಟ್ಟಲು ಕೈಬಿಟ್ಟಿತು. ನಿಂಗಿ ತಟ್ಟನೆ ತಪ್ಪಲೆಯ ಮುಚ್ಚಳವನ್ನು ಬಟ್ಟಲಿನ ಮೇಲೆ ಮುಚ್ಚಿದಳು.

ಗಡಿಗೆ ಒಡೆಯಿತು. ಹೊಳೆಯ ಸದ್ದು ಮೆಟ್ಟಿಲಿಳಿದು, ಬೆಟ್ಟವಿಳಿದು, ಊರು ಸೇರಿತು. ಬಣ್ಣಗಳು ನವಿಲುಗಳನ್ನು ಹುಡುಕಿಕೊಂಡು ಹಾರಿದವು. ಕಲ್ಲುಗಳು ಒಂದೊಂದಾಗಿ ಉಸಿರೆಳೆದುಕೊಂಡವು. ಜವರ ಹುಟ್ಟು ಕೆಳಗಿಟ್ಟು ಮೂಗರಳಿಸಿದ. "ಹುಗ್ಗಿ ವಾಸನೆ! ನನ್ನ ಪಾಲೆಲ್ಲೇ?"

"ಮುಗೀತಣ್ಣ," ಎಂದು ನಿಂಗಿ ಅಳುತ್ತಲೇ ನಕ್ಕಳು.

ಮನೆಯಲ್ಲಿ ಮುಚ್ಚಳ ತೆಗೆದಾಗ ಮಂತ್ರ ಇರುವೆಯಷ್ಟಾಗಿ ಓಡಾಡುತ್ತಿತ್ತು. ನಿಂಗಿ ಅದನ್ನು ಒಲೆಗೆ ಸುರಿದಳು. ಚಟ್ ಎಂದಿತು, ಅಷ್ಟೆ. ಬೆಟ್ಟದ ಮುದುಕ ಸೂರೆಗಣ್ಣನಿಗೆ ಅವ್ವ ಒಂದು ಬಟ್ಟಲು ಹುಗ್ಗಿ ಕಳಿಸಿದಳು.

ಮುಂದಿನ ಶನಿವಾರ ಬಟ್ಟಲು ಹಿಂದಿರುಗಿತು. ಒಳಗೆ ತಳ ಹಿಡಿದ, ಗಂಟುಗಂಟಾದ ಹುಗ್ಗಿ. ಸೂರೆಗಣ್ಣ ತಾನೇ ಒಲೆ ಹೂಡಿ, ತಾನೇ ಬೇಯಿಸಿದ್ದು.

"ಉಪ್ಪೇ ಇಲ್ಲ," ಎಂದ ಜವರ. ಎಂದವನೇ ಬಟ್ಟಲು ಬಳಿದು ಉಂಡ.

ಹೀಗೆ ಕೊಟ್ಟು ತಂದು ಏಳುಹೊಳೆಯವರು ಸುಖವಾಗಿದ್ದರು. ನಿಮ್ಮ ಮನೆಯಲ್ಲೂ ಪಕ್ಕದ ಮನೆಯ ಬಟ್ಟಲು ಉಳಿದಿದ್ದರೆ ಕತೆ ಕೇಳಿದ್ದು ಸಾಕು, ಏನಾದರೂ ಹಾಕಿ ಕೊಟ್ಟು ಬನ್ನಿ.