ಬೀಡಿ ಕಟ್ಟುವ ಕೈಗೆ ಕೆಂಪು ಬಣ್ಣ

"ಇದು ಯಾರ ಕಟ್ಟು?"

ಕಟ್ಟಿದ ಬೀಡಿ ಒಪ್ಪಿಸಲು ಮಾಣಿ ಪೇಟೆಯ ಬ್ರಾಂಚಿನಲ್ಲಿ ಸಾಲಾಗಿ ನಿಂತಿದ್ದ ಹೆಂಗಸರೆಲ್ಲ ಮಾತು ನಿಲ್ಲಿಸಿದರು. ಹೊಸದಾಗಿ ಬಂದ ಚೆಕ್ಕರ್ ಒಂದು ಬೀಡಿಯನ್ನು ಬೆಳಕಿಗೆ ಹಿಡಿದಿದ್ದ. ಅದರ ಮಡಚಿದ ಬಾಯಲ್ಲಿ ಕೆಂಪಗಿನ ಚೂರೊಂದು ಸಿಕ್ಕಿಕೊಂಡಿತ್ತು.

ವಾರಿಜಳ ಕೈ ತಾನಾಗಿಯೇ ಸೆರಗಿನೊಳಗೆ ಸೇರಿತು... ಆದರೆ ಅಷ್ಟರಲ್ಲಿ ಪಕ್ಕದವಳು ನೋಡಿಯಾಗಿತ್ತು.

"ನಮ್ಮ ವಾರಿಜಂದು. ಕ್ಯೂಟೆಕ್ಸ್ ಹಾಕಿಕೊಂಡು ಬೀಡಿ ಕಟ್ಟಿದ್ದಾಳೆ ಮಾರಾಯ್ರೆ."

ಇಡೀ ಸಾಲು ನಕ್ಕಿತು. ಚೆಕ್ಕರ್ ನಗಲಿಲ್ಲ. ಆ ಕಟ್ಟನ್ನು ಬದಿಗೆ ಸರಿಸಿ ಇನ್ನೊಂದನ್ನು ಬಿಚ್ಚಿದ. ಅದರಲ್ಲೂ ಕೆಂಪು. ಅದೂ ಬದಿಗೆ ಹೋಯಿತು.

"ಉಗುರಿಗೆ ಬಣ್ಣ ಹಾಕಿ ಬೀಡಿ ಕಟ್ಟಬೇಡಿ," ಎಂದ ತಗ್ಗಿದ ದನಿಯಲ್ಲಿ. "ಎಳೆಯುವವರ ಬಾಯಿಗೆ ಹೋಗ್ತದೆ."

ಅವನು ಹೇಳಿದ್ದು ಅಷ್ಟೇ. ಆದರೆ ಅವಮಾನದಲ್ಲಿ ಬೇಯುತ್ತಿದ್ದವಳು ಅದನ್ನು ಅಷ್ಟಕ್ಕೇ ಬಿಡುತ್ತಾಳೆಯೇ? 'ಬೀಡಿ ಕಟ್ಟುವವಳಿಗೆ ಯಾಕೆ ಈ ಶೋಕಿ ಅಂತ ತಾನೇ ಇವರ ಅರ್ಥ...' ಮನೆಯ ದಾರಿಯುದ್ದಕ್ಕೂ ಅವಳ ಮುಖ ಸುಡುತ್ತಿತ್ತು.

ಶೋಕಿಯಂತೆ, ಶೋಕಿ. ಅವಳ ಸಂಕಟ ಅವಳಿಗೇ ಗೊತ್ತು.

ಹೋದ ವರ್ಷ, ಎಂಬತ್ತೊಂದರಲ್ಲಿ, ಬಂಟ್ವಾಳದ ಕಡೆಯವರು ಅವಳನ್ನು ನೋಡಲು ಬಂದಿದ್ದರು. ಹುಡುಗನ ಚಿಕ್ಕಮ್ಮ ಪ್ರೀತಿಯಿಂದ ಕೈ ಹಿಡಿದುಕೊಂಡವರು, ಹೊಗೆಸೊಪ್ಪಿನ ಕಲೆಯಿಂದ ಹಳದಿಗಟ್ಟಿದ ಉಗುರುಗಳನ್ನು ಕಂಡು, ಆ ಕೈಯನ್ನು ಮೆಲ್ಲಗೆ ಅವಳ ಮಡಿಲಿಗೇ ವಾಪಸು ಇಟ್ಟರು. ಸಂಬಂಧ ಮುಂದುವರಿಯಲಿಲ್ಲ. ಆ ಮೆಲ್ಲಗೆ ಇಟ್ಟದ್ದನ್ನು ಮಾತ್ರ ವಾರಿಜ ಮರೆಯಲಿಲ್ಲ.

ಸಾಬೂನು, ಹುಣಸೆಹುಳಿ, ಲಿಂಬೆಸಿಪ್ಪೆ... ಯಾವುದಕ್ಕೂ ಕಲೆ ಹೋಗಲಿಲ್ಲ. ಇನ್ನು ಮುಚ್ಚುವುದೊಂದೇ ದಾರಿ. ಪಕ್ಕದ ಮನೆಯ ನಬೀಸಾಳ ಗಂಡ ಗಲ್ಫಿನಿಂದ ತಂದ ಕೆಂಪು ಶೀಶೆ ಹಾಗೆ ಇವಳ ಕೈ ಸೇರಿದ್ದು.

"ಎಣ್ಣೆ ಮುಟ್ಟಿದ ಕೈಗೆ ಹಾಕಿದರೆ ನಿಲ್ತದಾ?" ನಬೀಸಾ ಕಲಿಸಿಕೊಟ್ಟಿದ್ದಳು. "ಮೊದಲು ಸಾಬೂನಿನಲ್ಲಿ ತೊಳೆದು ಚೆನ್ನಾಗಿ ಒರೆಸು. ತೆಳುವಾಗಿ ಒಂದು ಸಲ ಹಾಕು, ಒಣಗಲಿ. ಮತ್ತೆ ತೆಳುವಾಗಿ ಇನ್ನೊಂದು ಸಲ. ದಪ್ಪ ಬಳಿದರೆ ಚಕ್ಕೆ ಏಳ್ತದೆ. ಉಗುರಿನ ತುದಿಯ ಅಂಚಿಗೂ ತಾಗಿಸು. ಏಳುವುದು ಅಲ್ಲಿಂದಲೇ."

"ಎಲ್ಲ ಮಾಡಿದೆ ನಬೀಸಾ," ಎಂದಳು ವಾರಿಜ, ಬ್ರಾಂಚಿನಿಂದ ಬಂದ ಸಂಜೆ. "ಆದರೆ ಎಲೆ ನೆನೆಸಲಿಕ್ಕೆ ನೀರು ಮುಟ್ಟಬೇಕು, ಬೀಡಿಯ ಬಾಯಿ ಮಡಚಲಿಕ್ಕೆ ಉಗುರೇ ಬೇಕು..."

"ಹಾಗಾದರೆ ಒಂದೋ ಬಣ್ಣ, ಇಲ್ಲ ಬೀಡಿ," ಎಂದು ನಬೀಸಾ ನಕ್ಕುಬಿಟ್ಟಳು.

ಅದೇ ವಾರ ದೂರದ ಮಾವ ತುಕ್ರಪ್ಪ ಹೊಸ ಸಂಬಂಧ ಹೇಳಿಕೊಂಡು ಬಂದ.

"ವಿಟ್ಲದ ಹುಡುಗ, ಪುರಂದರ ಅಂತ. ಮಾಣಿಯಲ್ಲಿ ಆಫೀಸು ಕೆಲಸ ಅಂತೆ. ಮನೆಯಲ್ಲಿ ತಾಯಿ ಒಬ್ಬರೇ. ಮುಂದಿನ ಆದಿತ್ಯವಾರ ಬರ್ತಾರೆ."

ವಾರಿಜ ತನ್ನ ಉಗುರು ನೋಡಿಕೊಂಡಳು. ಅಮ್ಮ ಕಾವೇರಮ್ಮ ಅವಳನ್ನು ನೋಡಿದರು. ಮಗಳ ಪಾಲಿನ ಎಲೆಯನ್ನೂ ತನ್ನ ಮೊರದಂಥ ಗೆರಸೆಗೆ ಸುರಿದುಕೊಂಡರು.

"ನಿನ್ನದೂ ನಾನೇ ಕಟ್ತೇನೆ. ನೀನು ಕೈ ನೋಡಿಕೋ."

ಬೇಡ ಎನ್ನಬೇಕಿತ್ತು. ವಾರಿಜ ಎನ್ನಲಿಲ್ಲ. ಆ ವಾರ ಅವಳು ನೀರು ಮುಟ್ಟಲಿಲ್ಲ, ಪಾತ್ರೆ ಮುಟ್ಟಲಿಲ್ಲ, ಎಲೆ ಮುಟ್ಟಲಿಲ್ಲ. ಬಣ್ಣ ಒಂದು ಚೂರೂ ಏಳಲಿಲ್ಲ.

ಆದಿತ್ಯವಾರ ಕಾಫಿ ಹಿಡಿದು ಚಾವಡಿಗೆ ಬಂದವಳು ತಲೆಯೆತ್ತಿದಳು... ಎದುರಿಗೆ ಬ್ರಾಂಚಿನ ಚೆಕ್ಕರ್.

'ಇವರಾ ಪುರಂದರ? ಅಷ್ಟು ಜನರ ಮುಂದೆ ನನ್ನ ಕಟ್ಟು ಎತ್ತಿ ತೋರಿಸಿದವರು...' ಅವನಿಗೆ ಮಾತ್ರ ಆಶ್ಚರ್ಯವೇನೂ ಆದಂತಿರಲಿಲ್ಲ. ತಿಳಿದೇ ಬಂದವನು ಅವನು.

ಪಕ್ಕದಲ್ಲಿ ಅವನ ತಾಯಿ ಸುಂದರಿ ಕೈಗಳನ್ನು ಮಡಿಲಲ್ಲಿಟ್ಟು ಕುಳಿತಿದ್ದರು. ಲೋಟ ತೆಗೆದುಕೊಳ್ಳುವಾಗ ಅವರ ಕಣ್ಣು ವಾರಿಜಳ ಉಗುರಿನ ಮೇಲೆ ನಿಂತಿತು.

"ಎಷ್ಟು ಚಂದ ಉಂಟು... ನೀನು ಬೀಡಿ ಕಟ್ತೀಯಾ ಮಗಾ?"

ಕೇಳಿದ್ದು ಮೃದುವಾಗಿಯೇ. ಆದರೆ ವಾರಿಜಳಿಗೆ ಆ ಚಿಕ್ಕಮ್ಮ ನೆನಪಾದರು, ವಾಪಸು ಬಂದ ಕೈ ನೆನಪಾಯಿತು.

"ಇಲ್ಲ... ಅಮ್ಮ ಮಾತ್ರ ಕಟ್ಟುವುದು. ನನಗೆ ಅದರ ವಾಸನೆಯೇ ಆಗುವುದಿಲ್ಲ."

ಮಾತು ಹೊರಗೆ ಬಿದ್ದ ಮೇಲೆ, ಎದುರಿಗಿದ್ದವನಿಗೆ ಎಲ್ಲ ಗೊತ್ತು ಎಂಬುದು ಹೊಳೆಯಿತು. ಪುರಂದರ ತಲೆ ತಗ್ಗಿಸಿ ಲೋಟದೊಳಗೆ ನೋಡುತ್ತಿದ್ದ. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಅಮ್ಮ ತನ್ನ ಬೆರಳುಗಳನ್ನು ಸೆರಗಿನಲ್ಲಿ ಸುತ್ತಿಕೊಂಡರು.

ಬಂದವರು ಹೋದರು. ಉತ್ತರ ಬರಲಿಲ್ಲ.

ಅದೇ ಆದಿತ್ಯವಾರ ಸಂಜೆ ಊಟಕ್ಕೆ ಕುಳಿತ ಅಮ್ಮ ಒಂದು ಚಮಚ ಕೇಳಿದರು. ಎರಡು ಪಾಲಿನ ಕೆಲಸ ಮಾಡಿ ಬೆರಳ ತುದಿಗಳು ಒಡೆದಿದ್ದವು, ಸಾರಿನ ಖಾರ ತಾಗುತ್ತಿತ್ತು. ವಾರಿಜ ಚಮಚ ತಂದಳು. ಕೊಡುವಾಗ ಅವಳ ಕೆಂಪು ಉಗುರು, ಅಮ್ಮನ ಒಡೆದ ಬೆರಳು ಪಕ್ಕಪಕ್ಕ ಕಂಡವು. ಅವಳಿಗೆ ತನ್ನ ಕೈಯನ್ನೇ ನೋಡಲಾಗಲಿಲ್ಲ.

"ಅಮ್ಮ... ಆ ಮಾತು ನನ್ನ ಬಾಯಲ್ಲಿ ಹೇಗೆ ಬಂತೋ."

"ಬಿಡು ಮಗಾ. ಹೆಣ್ಣು ನೋಡಲು ಬಂದವರ ಹತ್ತಿರ ಯಾರಾದರೂ ಹಾಗೇ ಹೇಳ್ತಾರೆ."

ಅಮ್ಮ ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ವಾರಿಜ ಬ್ಲೇಡು ತಂದು ಬಣ್ಣವನ್ನೆಲ್ಲ ಕೆರೆದು ತೆಗೆದಳು. ಮಾರನೆಯ ಬೆಳಿಗ್ಗೆ ಅಮ್ಮನ ಗೆರಸೆಯನ್ನೂ ತಾನೇ ಎತ್ತಿಕೊಂಡಳು.

ಕೆಲವು ದಿನ ಬಿಟ್ಟು ಬ್ರಾಂಚಿಗೆ ಹೋದವಳು ಎಲ್ಲರನ್ನೂ ಮುಂದೆ ಬಿಟ್ಟು ಕೊನೆಗೆ ನಿಂತಳು. ಪುರಂದರ ಅವಳ ಕಟ್ಟು ಬಿಚ್ಚಿದ. ಅವಳು ಕೈ ಮುಚ್ಚಿಕೊಳ್ಳದೆ ಮೇಜಿನ ಮೇಲೆಯೇ ಇಟ್ಟಳು.

"ನಿಮ್ಮ ಎದುರಿಗೇ ಸುಳ್ಳು ಹೇಳಿದೆ," ಎಂದಳು. "ನನ್ನನ್ನು ಕಂಡರೆ ನಿಮಗೆ ಹೇಸಿಗೆ ಆಗಬಹುದು."

"ತುಕ್ರಪ್ಪಣ್ಣನನ್ನು ನಿಮ್ಮ ಮನೆಗೆ ಕಳಿಸಿದ್ದೇ ನಾನು," ಎಂದ ಅವನು. "ಆ ದಿನ ಎಲ್ಲರೂ ನಕ್ಕಾಗ ನಿಮ್ಮ ಮುಖ ನೋಡಿದೆ. ಮತ್ತೆ ಮರೆಯಲಿಕ್ಕೆ ಆಗಲಿಲ್ಲ."

"ಮತ್ತೆ ಯಾಕೆ ಉತ್ತರ ಬರಲಿಲ್ಲ?"

ಅವನು ಬಿಚ್ಚಿದ ಕಟ್ಟಿಗೆ ಮತ್ತೆ ದಾರ ಸುತ್ತಿದ.

"ಅಮ್ಮ ಬೇಡ ಅಂದರು. ಅವರು ಬೀಡಿ ಕಟ್ಟಿಯೇ ನನ್ನನ್ನು ಓದಿಸಿದ್ದು, ಇವತ್ತಿಗೂ ಕಟ್ತಾರೆ. ಜೊತೆಗೆ ಕೂತು ಕಟ್ಟುವ ಹುಡುಗಿ ಸಿಕ್ಕಿಯಾಳಾ ಅಂತ ಆಸೆಯಿಂದ ಕೇಳಿದ್ದು. ನೀವು ವಾಸನೆ ಆಗುವುದಿಲ್ಲ ಅಂದಿರಿ... ಬಸ್ಸಿನಲ್ಲಿ ವಿಟ್ಲ ತಲುಪುವವರೆಗೂ ಅವರ ಕೈ ಸೆರಗಿನೊಳಗೇ ಇತ್ತು. ಮನೆಗೆ ಬಂದು ಬೂದಿ ಹಾಕಿ ತಿಕ್ಕಿ ತಿಕ್ಕಿ ತೊಳೆದರು. ನೀವು ಹೇಳಿದ್ದು ಸುಳ್ಳು ಅಂತ ಅವರಿಗೆ ಹೇಳಲಿಕ್ಕೆ ನನಗೆ ಮನಸ್ಸು ಬರಲಿಲ್ಲ."

ವಾರಿಜ ಮೇಜಿನ ಮೇಲಿದ್ದ ತನ್ನ ಕೈಗಳನ್ನು ನೋಡಿದಳು. ತನಗೆ ಆದ ಅವಮಾನವನ್ನೇ ತಾನು ಆ ತಾಯಿಗೆ ಮಾಡಿದ್ದಳು.

"ನಾನು ಬರ್ತೇನೆ. ಅವರ ಹತ್ತಿರ ನಾನೇ ಹೇಳಬೇಕು."

ಮಾರನೆಯ ದಿನ ಅಮ್ಮನ ಜೊತೆ ವಿಟ್ಲಕ್ಕೆ ಹೋದಳು. ಚಾವಡಿಯಲ್ಲಿ ಬೀಡಿ ಕಟ್ಟುತ್ತಿದ್ದ ಸುಂದರಿ ಇವರನ್ನು ಕಂಡದ್ದೇ ಗೆರಸೆಯನ್ನು ಬೆನ್ನ ಹಿಂದೆ ಸರಿಸಿದರು. ವಾರಿಜ ಅವರ ಎದುರು ನೆಲದಲ್ಲೇ ಕುಳಿತು ಕೈಗಳನ್ನು ಚಾಚಿದಳು.

"ತೆಗೆದಿಡಬೇಡಿ ಅಮ್ಮ. ನಾನೂ ಕಟ್ತೇನೆ, ಸಣ್ಣಂದಿನಿಂದ. ಅವತ್ತು ಹೇಳಿದ್ದು ಸುಳ್ಳು."

ಸುಂದರಿ ಹಳದಿ ಉಗುರುಗಳನ್ನು ಬಹಳ ಹೊತ್ತು ನೋಡಿದರು.

"ಬೀಡಿ ಕಟ್ಟುವ ಕೈಯಲ್ಲಿ ಬಣ್ಣ ಅಷ್ಟು ಚಂದ ಹೇಗೆ ನಿಂತಿತು ಮಗಾ?"

ಸಾಬೂನಿನ ಕತೆ, ತೆಳುವಾಗಿ ಬಳಿಯುವ ಕತೆ ಹೇಳಬಹುದಿತ್ತು. ವಾರಿಜ ತಲೆ ತಗ್ಗಿಸಿದಳು.

"ವಾರವಿಡೀ ನಾನು ಸುಮ್ಮನೆ ಕೂತಿದ್ದೆ. ನನ್ನ ಪಾಲಿನದ್ದೂ ಅಮ್ಮ ಕಟ್ಟಿದರು. ಅವರ ಬೆರಳು ಒಡೆಯಿತು... ನನ್ನ ಬಣ್ಣ ಉಳಿಯಿತು."

ಸುಂದರಿ ಎದ್ದು ಒಳಗೆ ಹೋದರು. 'ಮುಗಿಯಿತು,' ಎಂದುಕೊಂಡಳು ವಾರಿಜ. ಆದರೆ ಅವರು ಬೆಚ್ಚಗಿನ ತೆಂಗಿನೆಣ್ಣೆಯ ಬಟ್ಟಲು ಹಿಡಿದು ಬಂದು, ಕಾವೇರಮ್ಮನ ಪಕ್ಕದಲ್ಲಿ ಕುಳಿತು, ಅವರ ಬೆರಳಿಗೆ ಒಂದೊಂದಾಗಿ ಹಚ್ಚತೊಡಗಿದರು. ಆಮೇಲೆ ಗೆರಸೆಯನ್ನು ವಾರಿಜಳ ಕಡೆಗೆ ತಳ್ಳಿದರು.

"ನೋಡಿಕೊಂಡು ಕೂರುವುದಾ? ಇದನ್ನು ಮುಗಿಸು."

ವಾರಿಜ ಎಲೆ ಎತ್ತಿಕೊಂಡಳು. ಕಣ್ಣೀರಿನಲ್ಲಿ ಮೊದಲ ಬೀಡಿ ಸೊಟ್ಟಗಾಯಿತು.

ಸಂಜೆ ಕೆಲಸದಿಂದ ಮರಳಿ, ಬಸ್ಸಿನವರೆಗೆ ಬಿಡಲು ಬಂದ ಪುರಂದರ, ಕಾವೇರಮ್ಮ ತುಸು ಮುಂದೆ ಹೋದ ಮೇಲೆ ಹೇಳಿದ, "ನನಗೂ ನಾಚಿಕೆ ಉಂಟು. 'ನಮ್ಮಮ್ಮನೂ ಕಟ್ತಾರೆ' ಅಂತ ಅವತ್ತು ನಾನೇ ಮೊದಲು ಹೇಳಬಹುದಿತ್ತು. ಬಾಯಿ ಬರಲಿಲ್ಲ."

"ಹಾಗಾದರೆ ಇಬ್ಬರದೂ ತಪ್ಪು," ಎಂದಳು ಅವಳು. ಮೊದಲ ಸಲ ಅವನ ಮುಖವನ್ನು ನೇರವಾಗಿ ನೋಡಿದಳು.

"ನನ್ನನ್ನು ಮದುವೆ ಆಗ್ತೀರಾ ವಾರಿಜ?"

"ಆಗ್ತೇನೆ... ಆದರೆ ಬೀಡಿ ಕಟ್ಟುವುದು ಬಿಡುವುದಿಲ್ಲ."

"ಬಿಡಬೇಡಿ. ಆದರೆ ಕಟ್ಟು ಸಡಿಲ ಇದ್ದರೆ ಹೆಂಡತಿ ಅಂತ ನೋಡುವುದಿಲ್ಲ, ಬದಿಗೆ ಇಡ್ತೇನೆ."

"ಇಡಿ," ಎಂದಳು ವಾರಿಜ. "ಸಂಜೆ ಊಟಕ್ಕೆ ಮನೆಗೇ ಬರಬೇಕಲ್ಲ ನೀವು."